ರಿವಾಲ್ವರಿನ ಮೇಲಣ ಕೆಂಪು ಚುಕ್ಕಿ: ಅದರ ಮೂಲವಿಚಾರ

1

ಒಂದು ಉಪಕರಣದ ಕಾಲವನ್ನು ನಿರ್ಣಯಿಸುವುದು ಒಂದು ಗ್ರಂಥದ ಕಾಲವನ್ನು ನಿರ್ಣಯಿಸುವುದಕ್ಕಿಂತ ಸುಲಭವೆಂದು ಮೇಲುನೋಟಕ್ಕೆ ತೋರುವುದು. ಗ್ರಂಥಕ್ಕೆ ಪ್ರತಿಕಾರರ ಕೈತಪ್ಪು, ಪ್ರಕ್ಷೇಪ, ಪಾಠಾಂತರ ಮುಂತಾದ ತೊಡಕುಗಳುಂಟು. ಉಪಕರಣಕ್ಕಾದರೋ ಪೇಟೆಂಟಿನ ದಾಖಲೆಯೂ ಕಾರ್ಖಾನೆಯ ಮುದ್ರೆಯೂ ಇರುತ್ತವೆ. ಆದರೆ ಈ ಸೌಲಭ್ಯವೇ ಅನೇಕ ವೇಳೆ ದಾರಿ ತಪ್ಪಿಸುವುದು. ಓಲೆಯ ಪ್ರತಿಯೊಂದರ ಕೊನೆಯಲ್ಲಿ ಲಿಪಿಕಾರನು ಬರೆದ ಸಂವತ್ಸರವನ್ನೇ ಕಾವ್ಯದ ಕಾಲವೆಂದು ಹಿಡಿಯುವವನು ಎಷ್ಟು ಮೋಸಹೋಗುವನೋ, ಅಂಗಡಿಗೆ ಬಂದ ವರ್ಷವನ್ನೇ ಒಂದು ಉಪಾಯದ ಹುಟ್ಟಿನ ವರ್ಷವೆಂದು ಹಿಡಿಯುವವನೂ ಅಷ್ಟೇ ಮೋಸಹೋಗುವನು.

ಪ್ರಕೃತ ಲೇಖನದಲ್ಲಿ ಈ ಮಾತಿಗೆ ನಿದರ್ಶನವಾಗಿ ಒಂದು ಸಣ್ಣ ವಸ್ತುವನ್ನು ಆರಿಸಿಕೊಂಡಿದೆ. ರಿವಾಲ್ವರಿನ ನೆತ್ತಿಯ ಮೇಲೆ ಚಿಕ್ಕದೊಂದು ಗಾಜನ್ನು ಕೂರಿಸಿ, ಆ ಗಾಜಿನಲ್ಲಿ ಕೆಂಪು ಚುಕ್ಕಿಯೊಂದು ತೋರುವಂತೆ ಮಾಡಿ, ಆ ಚುಕ್ಕಿಯನ್ನು ಗುರಿಯ ಮೇಲೆ ಇರಿಸಿ ಗುಂಡು ಹಾರಿಸುವ ಪದ್ಧತಿಯು ಪಾಶ್ಚಾತ್ಯ ದೇಶಗಳ ಗುರಿಗಾರರಲ್ಲಿ ಬಳಕೆಗೆ ಬಂದಿದೆ. ಇಂಗ್ಲಿಷಿನವರು ಇದನ್ನು ರೆಡ್ ಡಾಟ್ ಸೈಟ್ ಎನ್ನುವರು; ನಾವು ಇಲ್ಲಿ ‘ಕೆಂಪು ಚುಕ್ಕಿಯ ಗುರಿನೋಟ’ ಎಂದು ಕರೆಯೋಣ. ಇದರ ಚರಿತ್ರೆಯನ್ನು ಹೇಳುವವರಲ್ಲಿ ಅನೇಕರು 1975ರಿಂದ, ಎಂದರೆ ಸ್ವೀಡನ್ ದೇಶದ ಎಯ್ಮ್‌ಪಾಯಿಂಟ್ ಸಂಸ್ಥೆಯು ತನ್ನ ಮೊದಲ ಗುರಿನೋಟವನ್ನು ಮಾರಾಟಕ್ಕೆ ತಂದ ವರ್ಷದಿಂದ, ಕಥೆಯನ್ನು ಆರಂಭಿಸುವರು. ಅದನ್ನು ರಿವಾಲ್ವರಿಗೆ ಜೋಡಿಸುವುದಂತೂ ಹಳೆಯ ಆಯುಧಕ್ಕೆ ತೊಡಿಸಿದ ಹೊಸ ಬೆಡಗೆಂದು ನಗುವವರೂ ಉಂಟು.

ಈ ಎರಡು ಅಭಿಪ್ರಾಯಗಳೂ ನಿಲ್ಲತಕ್ಕವಲ್ಲವೆಂಬುದು ನಮ್ಮ ಪಕ್ಷ. ಈ ಗುರಿನೋಟದ ತತ್ತ್ವವು 1900ರಲ್ಲಿಯೇ ಪೂರ್ಣವಾಗಿ ಹೊರಬಿದ್ದಿತ್ತು. ಅದಕ್ಕೆ ಪೀಠವಾದ ರಿವಾಲ್ವರಿನ ಮೇಲುಪಟ್ಟಿಯು ಅದಕ್ಕೂ ಅರ್ಧ ಶತಮಾನ ಹಿಂದೆ, ಬೇರೆಯೇ ಒಂದು ಕಾರಣಕ್ಕಾಗಿ, ಹುಟ್ಟಿತ್ತು. ಇವೆರಡು ಧಾರೆಗಳು ಎಲ್ಲಿ ಹುಟ್ಟಿ ಹೇಗೆ ಕೂಡಿದುವೆಂಬುದನ್ನು ಕ್ರಮವಾಗಿ ನೋಡೋಣ.

2

ಮೊದಲು ತೊಡಕು ಯಾವುದೆಂದು ತಿಳಿಯಬೇಕು. ಬಂದೂಕಿನಿಂದ ಗುರಿಯಿಡುವುದೆಂದರೆ ಮೂರು ವಸ್ತುಗಳನ್ನು ಒಂದೇ ಗೆರೆಗೆ ತರುವುದು. ಕಣ್ಣಿಗೆ ಸಮೀಪದಲ್ಲಿ ಹಿಂದಿನ ಸೀಳು, ನಳಿಗೆಯ ತುದಿಯಲ್ಲಿ ಮುಂದಿನ ಮೊನೆ, ಅದರಾಚೆ ದೂರದಲ್ಲಿ ಗುರಿ. ಸೀಳಿನ ನಡುವೆ ಮೊನೆಯೂ, ಮೊನೆಯ ಮೇಲೆ ಗುರಿಯೂ ಕೂತಾಗ ಗುಂಡು ಹಾರಿಸಬೇಕು. ಹೇಳುವುದಕ್ಕೆ ಇದು ಸುಲಭ. ಕಣ್ಣಿಗೆ ಮಾತ್ರ ಅಸಾಧ್ಯ. ಏಕೆಂದರೆ ಕಣ್ಣಿನ ಮಸೂರವು ಒಂದು ಕ್ಷಣದಲ್ಲಿ ಒಂದೇ ದೂರಕ್ಕೆ ಹೊಂದಿಕೊಳ್ಳಬಲ್ಲುದು. ಗುರಿಯನ್ನು ನಿಚ್ಚಳವಾಗಿ ನೋಡಿದರೆ ಮೊನೆ ಮಸಕಾಗುವುದು. ಮೊನೆಯನ್ನು ನೋಡಿದರೆ ಗುರಿ ಮಂಜಾಗುವುದು. ಗುರುಗಳು ಶಿಷ್ಯರಿಗೆ ಕಲಿಸುತ್ತ ಬಂದ ಉಪಾಯವೆಂದರೆ, ಮೊನೆಯನ್ನು ನೋಡು, ಗುರಿ ಮಂಜಾದರೆ ಆಗಲಿ, ಎಂಬುದು. ನಲವತ್ತು ದಾಟಿ ಚಾಳೀಸು ಬಂದವರಿಗೆ ಈ ಉಪಾಯವೂ ಕೈಕೊಡುವುದು. ಅವರ ಕಣ್ಣಿಗೆ ತೋಳಿನಳತೆಯಲ್ಲಿರುವ ಮೊನೆಯು ಸ್ಪಷ್ಟವಾಗಿ ಕಾಣುವುದೇ ಇಲ್ಲ.

ರಿವಾಲ್ವರಿನಲ್ಲಿ ಈ ತೊಡಕು ಇನ್ನೂ ಹೆಚ್ಚು. ಉದ್ದವಾದ ರೈಫಲಿನಲ್ಲಿ ಹಿಂದಿನ ಸೀಳಿಗೂ ಮುಂದಿನ ಮೊನೆಗೂ ಎರಡಡಿಗೆ ಮೀರಿದ ಅಂತರವಿರಬಹುದು; ರಿವಾಲ್ವರಿನಲ್ಲಿ ಅದು ಸುಮಾರು 8 ಅಂಗುಲ. ಈ 8 ಅಂಗುಲದಲ್ಲಿ ಮೊನೆಯು ಒಂದು ಅಂಗುಲದ ಐವತ್ತನೆಯ ಒಂದು ಭಾಗದಷ್ಟು ಪಕ್ಕಕ್ಕೆ ಸರಿದಿದ್ದರೆ, 25 ಗಜದ, ಎಂದರೆ 900 ಅಂಗುಲದ, ದೂರದಲ್ಲಿ ಗುಂಡು 2¼ ಅಂಗುಲ ತಪ್ಪುವುದೆಂದು ತ್ರೈರಾಶಿಯಿಂದಲೇ ತಿಳಿಯಬಹುದು. ಕೈಯ ನಡುಕಕ್ಕಿಂತ ಕಣ್ಣಿನ ಈ ಸಣ್ಣ ಲೋಪವೇ ಹೆಚ್ಚಿನ ಅನರ್ಥಕ್ಕೆ ಕಾರಣವಾಗಬಹುದು.

ನಮ್ಮ ಓದುಗರಿಗೆ ಇಲ್ಲಿ ಆದಿಪರ್ವದ ದ್ರೋಣನ ಪರೀಕ್ಷೆಯು ನೆನಪಾಗದಿರದು. ಮರದ ಮೇಲಿಟ್ಟ ಕೃತಕ ಪಕ್ಷಿಗೆ ಗುರಿಯಿಟ್ಟು ನಿಂತಾಗ, ಧರ್ಮರಾಯನಿಗೆ ಮರ, ಗುರು, ತಮ್ಮಂದಿರು ಎಲ್ಲರೂ ಕಂಡರು. ಅರ್ಜುನನಿಗೆ ಪಕ್ಷಿಯ ತಲೆಯೊಂದೇ ಕಂಡಿತು. ಬಿಲ್ಲುಗಾರನಿಗೆ ಇದು ಸಲ್ಲುವ ಮಾತು. ಅವನ ಬಿಲ್ಲಿನಲ್ಲಿ ಸೀಳೂ ಇಲ್ಲ, ಮೊನೆಯೂ ಇಲ್ಲ, ದೃಷ್ಟಿಯೆಲ್ಲ ಲಕ್ಷ್ಯದಲ್ಲಿಯೇ ನೆಲಸಬಹುದು. ಬಂದೂಕುಗಾರನಿಗೆ ಮಾತ್ರ ನಾಲ್ಕೈದು ಶತಮಾನಗಳ ಕಾಲ ಅರ್ಜುನನ ಉತ್ತರವು ನಿಷಿದ್ಧವಾಗಿತ್ತು. ಲಕ್ಷ್ಯವನ್ನು ಬಿಟ್ಟು ಆಯುಧದ ಮೊನೆಯನ್ನು ನೋಡುವವನೇ ಅವರಲ್ಲಿ ಉತ್ತಮ ಶಿಷ್ಯನೆನಿಸಿದನು. ಕಣ್ಣನ್ನು ಮತ್ತೆ ಲಕ್ಷ್ಯದ ಕಡೆಗೆ ತಿರುಗಿಸಿದುದೇ ನಾವು ವಿಚಾರಿಸುತ್ತಿರುವ ಉಪಕರಣದ ಹಿರಿಮೆ.

3

ಇನ್ನು ರಿವಾಲ್ವರಿನ ಮೈಕಟ್ಟನ್ನು ನೋಡೋಣ. ಅಮೆರಿಕದ ಸಾಮ್ಯುಯಲ್ ಕೋಲ್ಟನು ತನ್ನ ದೇಶದಲ್ಲಿ 1836ರಲ್ಲಿ ಪೇಟೆಂಟು ಪಡೆದ ರಿವಾಲ್ವರಿನಲ್ಲಿ, ಅದರ ಸಂತತಿಯಾದ 1851ರ ನೌಕಾ ಮಾದರಿಯಲ್ಲಿಯೂ ಸಹ, ಗುಂಡುಗಳನ್ನು ತುಂಬುವ ಉರುಳೆಯ ಮೇಲ್ಭಾಗವು ಬಯಲಾಗಿತ್ತು. ನಳಿಗೆಯ ತುಂಡೂ ಹಿಂದಿನ ಚೌಕಟ್ಟೂ ಬೇರೆ ಬೇರೆ; ನಡುವಣ ಅಚ್ಚುಗೂಟವೂ ಅದರ ಮೂಲಕ ಅಡ್ಡವಾಗಿ ಹೊಡೆದ ಬೆಣೆಯೂ ಅವೆರಡನ್ನು ಹಿಡಿದಿದ್ದುವು. ಮೇಲೆ ಏನೂ ಇಲ್ಲದುದರಿಂದ ಹಿಂದಿನ ಸೀಳನ್ನು ಎಲ್ಲಿ ಕೊರೆಯುವುದೆಂಬ ಪ್ರಶ್ನೆ ಬಂದಿತು. ಕೋಲ್ಟನು ಅದನ್ನು ಮದ್ದು ಸಿಡಿಸುವ ಸುತ್ತಿಗೆಯ ತುಟಿಯಲ್ಲಿಯೇ ಕೊರೆದನು. ಸುತ್ತಿಗೆಯನ್ನು ಹಿಂದಕ್ಕೆಳೆದು ನಿಲ್ಲಿಸಿದಾಗ ಮಾತ್ರ ಸೀಳು ಕಣ್ಣಿಗೆ ಎದುರಾಗುವುದು; ಟ್ರಿಗರನ್ನು ಒತ್ತಿದೊಡನೆ ಅದು ಸುತ್ತಿಗೆಯ ಜೊತೆಗೆ ಮುಂದಕ್ಕೆ ಬಿದ್ದುಹೋಗುವುದು. ಹೀಗೆ ಗುರಿಗೆರೆಯ ಒಂದು ಕೊನೆ ಚಲಿಸುವ ಭಾಗದ ಮೇಲೆಯೂ, ಇನ್ನೊಂದು ಕೊನೆ ಬೆಣೆಯಿಂದ ಹಿಡಿದ ನಳಿಗೆಯ ಮೇಲೆಯೂ ಇದ್ದುವು. ಇಂಥ ಆಯುಧದಲ್ಲಿ ಯಾವ ಗಾಜನ್ನಾದರೂ ಕೂರಿಸುವುದಕ್ಕೆ ನೆಲೆಯೇ ಇರಲಿಲ್ಲ.

ಅದೇ 1851ರಲ್ಲಿ ಇಂಗ್ಲೆಂಡಿನ ರಾಬರ್ಟ್ ಆಡಮ್ಸನು ಬೇರೊಂದು ದಾರಿ ಹಿಡಿದನು. ಈತನ ರಿವಾಲ್ವರಿನಲ್ಲಿ ನಳಿಗೆಯೂ ಚೌಕಟ್ಟೂ ಒಂದೇ ಕಬ್ಬಿಣದಿಂದ ಬಡಿದು ಮಾಡಿದವು. ಉರುಳೆಯ ಮೇಲೆ ಒಂದು ಗಟ್ಟಿ ಪಟ್ಟಿಯು ಹಾದು ಮುಂದನ್ನೂ ಹಿಂದನ್ನೂ ಬೆಸೆಯುತ್ತಿತ್ತು. ಆ ವರ್ಷ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಕೋಲ್ಟನ ಆಯುಧಗಳೂ ಆಡಮ್ಸನ ಆಯುಧಗಳೂ ಎದುರುಬದುರಾಗಿ ನಿಂತುವು. 1857ರ ಭಾರತದ ಸಂಗ್ರಾಮದ ಕಾಲದಲ್ಲಿ ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿ ಈ ಎರಡು ಬಗೆಗಳೂ ಇದ್ದುವು. ಅಮೆರಿಕದಲ್ಲಿಯೂ ರೆಮಿಂಗ್ಟನ್ ಸಂಸ್ಥೆಯು 1858ರ ಪೇಟೆಂಟಿನ ತನ್ನ ಮಾದರಿಯಲ್ಲಿ ಮೇಲುಪಟ್ಟಿಯನ್ನಿಟ್ಟು, ಅದರ ಬೆನ್ನಿನ ಉದ್ದಕ್ಕೆ ತೋಡಿದ ಕಾಲುವೆಯನ್ನೇ ಹಿಂದಿನ ಸೀಳಾಗಿ ಮಾಡಿತು. ಕೊನೆಗೆ ಕೋಲ್ಟ್ ಸಂಸ್ಥೆಯೇ, ಸ್ಥಾಪಕನು ತೀರಿಕೊಂಡ ಬಳಿಕ, 1873ರ ತನ್ನ ಸೈನಿಕ ಮಾದರಿಯಲ್ಲಿ ಮೇಲುಪಟ್ಟಿಯನ್ನು ಒಪ್ಪಿಕೊಂಡಿತು.

ಗಮನಿಸತಕ್ಕ ವಿಷಯವೇನೆಂದರೆ, ಈ ಪಟ್ಟಿಯು ಮುಖ್ಯವಾಗಿ ಗುರಿಗಾಗಿ ಹುಟ್ಟಿದುದಲ್ಲ, ಬಲಕ್ಕಾಗಿ ಹುಟ್ಟಿದುದು. ಸಿಡಿಮದ್ದಿನ ಒತ್ತಡವು ಹೆಚ್ಚಿದಂತೆಲ್ಲ ಬೆಣೆಯ ಜೋಡಣೆ ಸಾಲದಾಯಿತು. ನಾಲ್ಕು ಕಡೆಯೂ ಮುಚ್ಚಿದ ಚೌಕಟ್ಟು ಅವಶ್ಯವಾಯಿತು. 1935ರಲ್ಲಿ ಸ್ಮಿತ್ ಅಂಡ್ ವೆಸನ್ ಸಂಸ್ಥೆಯು .357 ಮ್ಯಾಗ್ನಮ್ ತೋಟಾದ ರಿವಾಲ್ವರನ್ನೂ, 1950ರ ದಶಕದ ನಡುವೆ .44 ಮ್ಯಾಗ್ನಮ್ ತೋಟಾದ ರಿವಾಲ್ವರನ್ನೂ ತಯಾರಿಸಲು ಸಾಧ್ಯವಾದುದು ಈ ಚೌಕಟ್ಟಿನಿಂದಲೇ. ಆದರೆ ಬಲಕ್ಕಾಗಿ ಬಂದ ಪಟ್ಟಿಯು ತಾನಾಗಿಯೇ ಇನ್ನೊಂದು ಗುಣವನ್ನು ತಂದಿತು. ಅದು ನಳಿಗೆಗೆ ಸ್ಥಿರವಾಗಿ ಅಂಟಿಕೊಂಡಿದೆ. ಗುಂಡು ಹಾರಿದಾಗ ಇಡೀ ಆಯುಧ ಕುಪ್ಪಳಿಸಿದರೂ ಪಟ್ಟಿಗೂ ನಳಿಗೆಗೂ ಇರುವ ಸಂಬಂಧ ಕೆಡುವುದಿಲ್ಲ. ಮುಂದೆ ಬರಲಿದ್ದ ಗಾಜಿಗೆ ಪೀಠವು ಹೀಗೆ ಅಯಾಚಿತವಾಗಿ ಸಿದ್ಧವಾಯಿತು.

ಇದಕ್ಕೆ ಅಪವಾದವೂ ಉಂಟು. ಅದು ನಮ್ಮ ದೇಶಕ್ಕೆ ಪರಿಚಿತವಾದುದು. ಬ್ರಿಟಿಷ್ ಸೈನ್ಯವು 1887ರಲ್ಲಿ ಸ್ವೀಕರಿಸಿದ ವೆಬ್ಲಿ ರಿವಾಲ್ವರು ನಡುವೆ ಮಡಿಸಿ ತೆರೆಯುವ ಬಗೆಯದು. ಅದರ ಮೇಲುಪಟ್ಟಿಯು ನಳಿಗೆಯ ಜೊತೆಗೆ ಕೆಳಕ್ಕೆ ಬಾಗುವುದು. ಹಿಂದಿನ ಕೊನೆಯನ್ನು ಒಂದು ಕೊಂಡಿಯು ಹಿಡಿದಿರುವುದು. ಸ್ವಾತಂತ್ರ್ಯದ ಬಳಿಕ ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ .32 ರಿವಾಲ್ವರು ಈ ವೆಬ್ಲಿ ವಂಶಕ್ಕೇ ಸೇರಿದುದು. ಕೊಂಡಿಯು ಸವೆದು ಸಡಿಲಾದಂತೆ ಪಟ್ಟಿಯೂ ಅಲುಗುವುದರಿಂದ, ಗಾಜಿನ ಗುರಿನೋಟಕ್ಕೆ ಈ ಕಟ್ಟಡವು ಒಗ್ಗುವುದು ಕಷ್ಟ. ಮುಚ್ಚಿದ ಚೌಕಟ್ಟಿನ ಮಹತ್ತ್ವವು ಈ ಅಪವಾದದಿಂದಲೇ ಇನ್ನಷ್ಟು ಸ್ಪಷ್ಟವಾಗುವುದು.

4

ಈಗ ಎರಡನೆಯ ಧಾರೆಗೆ ಬರೋಣ. ಅದರ ಉಗಮಸ್ಥಾನವು ಆಯುಧಶಾಲೆಯಲ್ಲ, ದೂರದರ್ಶಕಗಳನ್ನು ಮಾಡುವ ಕಾರ್ಖಾನೆ.

ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ತಾಮಸ್ ಗ್ರಬ್ ಎಂಬ ಯಂತ್ರಶಿಲ್ಪಿಯು ದೂರದರ್ಶಕಗಳನ್ನು ನಿರ್ಮಿಸುತ್ತಿದ್ದನು. ಆತನ ಮಗನೇ ಹೊವರ್ಡ್ ಗ್ರಬ್. 1844ರಲ್ಲಿ ಹುಟ್ಟಿದ ಈತನು ತಂದೆಯ ಕೆಲಸವನ್ನು ಮುಂದುವರಿಸಿ ಜಗತ್ಪ್ರಸಿದ್ಧನಾದನು. ಆಸ್ಟ್ರೇಲಿಯದ ಮೆಲ್ಬರ್ನಿಗಾಗಿ 48 ಅಂಗುಲದ ಕನ್ನಡಿಯ ದೂರದರ್ಶಕ, ವಿಯೆನ್ನಾಕ್ಕಾಗಿ 27 ಅಂಗುಲದ ಮಸೂರದ ದೂರದರ್ಶಕ, ಇವು ಆ ಮನೆತನದ ಕೃತಿಗಳು. 1887ರಲ್ಲಿ ಈತನಿಗೆ ಸರ್ ಪದವಿ ದೊರೆಯಿತು. 1931ರಲ್ಲಿ ಈತನು ಕಾಲವಾದನು.

ಈ ಹೆಸರು ನಮ್ಮ ನಾಡಿಗೆ ಹೊಸದಲ್ಲ. ಪುಣೆಯ ವೀಕ್ಷಣಾಲಯದಲ್ಲಿ 1888ರಲ್ಲಿ ನೆಲೆಗೊಂಡ 20 ಅಂಗುಲದ ಕನ್ನಡಿಯ ದೂರದರ್ಶಕವು ಗ್ರಬ್ಬನದೇ. ಆ ವೀಕ್ಷಣಾಲಯವು ಮುಚ್ಚಿದಾಗ, 1912ರಲ್ಲಿ, ಅದು ಕೊಡೈಕೆನಾಲಿಗೆ ಹೋಯಿತು. ಕೊಡೈಕೆನಾಲಿನ ವೀಕ್ಷಣಾಲಯವು ಈಗ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸಂಸ್ಥೆಗೆ ಸೇರಿದೆ. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಅಂಗುಲದ ದೂರದರ್ಶಕವೂ ಇದೇ ಕಾರ್ಖಾನೆಯದು. ನಕ್ಷತ್ರಗಳನ್ನು ನೋಡಲು ಇಷ್ಟು ಗಾಜುಗಳನ್ನು ಅರೆದ ಕೈಯೇ ಗುರಿನೋಟದ ತೊಡಕನ್ನು ಬಿಡಿಸಿದುದು ಆಕಸ್ಮಿಕವಲ್ಲ. ನಕ್ಷತ್ರವು ಅನಂತದೂರದ ವಸ್ತು. ಅದರಿಂದ ಬರುವ ಕಿರಣಗಳು ಸಮಾನಾಂತರವಾದವು. ಸಮೀಪದಲ್ಲಿರುವ ಗುರುತೊಂದನ್ನು ನಕ್ಷತ್ರದಷ್ಟು ದೂರದಲ್ಲಿರುವಂತೆ ತೋರಿಸುವುದು ಹೇಗೆಂಬುದು ದೂರದರ್ಶಕ ಮಾಡುವವನ ನಿತ್ಯದ ಪಾಠ.

1900ರಲ್ಲಿ ಗ್ರಬ್ಬನು ತನ್ನ ಗುರಿನೋಟಕ್ಕೆ ಪೇಟೆಂಟು ಪಡೆದನು. 1901ರಲ್ಲಿ ಡಬ್ಲಿನ್ನಿನ ರಾಯಲ್ ಸೊಸೈಟಿಯ ವೈಜ್ಞಾನಿಕ ಪತ್ರಿಕೆಯಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದನು. ಆತನ ಯುಕ್ತಿ ಹೀಗಿದೆ. ಮಸೂರವೊಂದರ ಸಂಗಮಬಿಂದುವಿನಲ್ಲಿ ಒಂದು ಗುರುತನ್ನಿಟ್ಟರೆ, ಅದರಿಂದ ಹೊರಟ ಬೆಳಕು ಮಸೂರವನ್ನು ದಾಟಿದ ಮೇಲೆ ಸಮಾನಾಂತರ ಕಿರಣಗಳಾಗುವುದು. ಈ ಕಿರಣಗಳನ್ನು ಓರೆಯಾಗಿ ನಿಲ್ಲಿಸಿದ ಬಯಲು ಗಾಜಿನಿಂದ ಕಣ್ಣಿಗೆ ಪ್ರತಿಫಲಿಸಿದರೆ, ಕಣ್ಣು ಆ ಗಾಜಿನ ಮೂಲಕ ಗುರಿಯನ್ನೂ, ಗುರಿಯ ಮೇಲೆ ತೇಲುವ ಗುರುತನ್ನೂ ಏಕಕಾಲದಲ್ಲಿ ಕಾಣುವುದು. ಓರೆಗಾಜಿನ ಬದಲು ಬಾಗಿದ ಗಾಜನ್ನೇ ನಿಮ್ನದರ್ಪಣವಾಗಿ ಬಳಸಿದರೆ ಮಸೂರವೂ ಬೇಡ. ಉಪಕರಣವು ಇನ್ನೂ ಚಿಕ್ಕದಾಗುವುದು. ಗುರುತು ಅನಂತದೂರದಲ್ಲಿ ತೋರುವುದರಿಂದ ಕಣ್ಣು ದೂರಕ್ಕೆ ಹೊಂದಿಕೊಂಡಿದ್ದರೂ ಅದು ನಿಚ್ಚಳ. ಕಣ್ಣು ಸ್ವಲ್ಪ ಎಡಕ್ಕೋ ಬಲಕ್ಕೋ ಸರಿದರೂ ಗುರುತು ತನ್ನ ದಿಕ್ಕನ್ನು ಬಿಡದು. ಮೂರು ವಸ್ತುಗಳನ್ನು ಸಾಲುಗೂಡಿಸುವ ಕೆಲಸವು ಹೀಗೆ ಎರಡಕ್ಕೆ ಇಳಿಯಿತು. ಆ ಎರಡೂ ಕಣ್ಣಿಗೆ ಸ್ಪಷ್ಟವಾದವು.

ಗ್ರಬ್ಬನು ತನ್ನ ಅಭಿಪ್ರಾಯವನ್ನು ಒಂದು ದೃಷ್ಟಾಂತದಿಂದ ತಿಳಿಸಿದನು. ಬಂದೂಕಿನ ನಳಿಗೆಯ ಜೊತೆಗೆ ಹೊರಡುವ ಶೋಧಕದೀಪದ ಸಣ್ಣ ಕಿರಣವನ್ನು ಊಹಿಸಿಕೊಂಡರೆ, ಅದು ಬಿದ್ದ ಸ್ಥಳದಲ್ಲಿಯೇ ಗುಂಡೂ ಬೀಳುವುದು. ಅದು ಕಾರ್ಯಸಾಧ್ಯವಲ್ಲವಾದರೂ, ನಿಜವಾದ ಬೆಳಕನ್ನು ಚೆಲ್ಲದೆ ಅದರ ಮಿಥ್ಯಾಬಿಂಬವನ್ನು ಗುರಿಯ ಮೇಲೆ ತೋರಿಸಿದರೆ ಅದೇ ಫಲ ದೊರೆಯುವುದೆಂದು ಆತನ ವಾದ. ಆ ಲೇಖನದ ಶೀರ್ಷಿಕೆಯಲ್ಲಿಯೇ ದೊಡ್ಡ ತೋಪುಗಳ ಜೊತೆಗೆ ಸಣ್ಣವುಗಳ ಹೆಸರೂ ಇದೆ. ಕೈಯಲ್ಲಿ ಹಿಡಿಯುವ ಆಯುಧಗಳಿಗೆ ತಕ್ಕ ಚಿಕ್ಕ ರೂಪದ ಚಿತ್ರವನ್ನೂ ಆತನು ಕೊಟ್ಟಿರುವನು. ಆದುದರಿಂದ ಸಣ್ಣ ಆಯುಧದ ಮೇಲೆ ಇದನ್ನು ಕೂರಿಸುವ ಆಲೋಚನೆಯು ಈಚಿನವರದೆಂದು ಹೇಳುವುದಕ್ಕೆ ಆಧಾರವಿಲ್ಲ.

5

ಹಾಗಾದರೆ ಎಪ್ಪತ್ತೈದು ವರ್ಷಗಳ ವಿಳಂಬವೇಕೆ? ತತ್ತ್ವದಲ್ಲಿ ಕೊರತೆಯಿರಲಿಲ್ಲ, ದೀಪದಲ್ಲಿ ಕೊರತೆಯಿತ್ತು.

ಗುರುತು ಕಣ್ಣಿಗೆ ಕಾಣಬೇಕಾದರೆ ಅದಕ್ಕೆ ಬೆಳಕು ಬೇಕು. ಹಗಲಿನ ಬೆಳಕನ್ನೇ ನಂಬಿದರೆ, ನೆರಳಿನಲ್ಲಿ ನಿಂತವನು ಬಿಸಿಲಿನಲ್ಲಿರುವ ಗುರಿಗೆ ಗುರಿಯಿಡುವಾಗ ಗುರುತು ಅಡಗಿಹೋಗುವುದು. ವಿದ್ಯುದ್ದೀಪವನ್ನು ಇಡಬೇಕಾದರೆ ಅದರ ಬುರುಡೆಯೂ ವಿದ್ಯುತ್ಕೋಶಗಳೂ ಭಾರ. ಆದುದರಿಂದ ಈ ಗುರಿನೋಟವು ಮೊದಲು ಹೋದುದು ಭಾರವನ್ನೂ ವಿದ್ಯುತ್ತನ್ನೂ ಒದಗಿಸಬಲ್ಲ ವಾಹನಕ್ಕೆ, ಎಂದರೆ ವಿಮಾನಕ್ಕೆ. 1918ರಲ್ಲಿ ಬರ್ಲಿನ್ನಿನ ಓಯ್ಗೀ ಸಂಸ್ಥೆಯ ಪ್ರತಿಫಲನ ಗುರಿನೋಟವನ್ನು ಜರ್ಮನರು ತಮ್ಮ ಯುದ್ಧವಿಮಾನಗಳಲ್ಲಿ ಪರೀಕ್ಷಿಸಿದರು. 1930ರ ದಶಕದಲ್ಲಿ ಗ್ಲಾಸ್ಗೋ ನಗರದ ಬಾರ್ ಅಂಡ್ ಸ್ಟ್ರೌಡ್ ಸಂಸ್ಥೆಯು ಬ್ರಿಟಿಷ್ ವಾಯುಪಡೆಗಾಗಿ ಅಂಥವನ್ನೇ ತಯಾರಿಸಿತು. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಹರಿಕೇನ್, ಸ್ಪಿಟ್‌ಫೈರ್ ವಿಮಾನಗಳ ಚಾಲಕರು ನೋಡಿದುದು ಗ್ರಬ್ಬನ ಮಿಥ್ಯಾಬಿಂಬವನ್ನೇ.

ಕೈಯಾಯುಧಗಳಲ್ಲಿ ಪ್ರಯತ್ನಗಳು ನಡೆಯದೆ ಇರಲಿಲ್ಲ. ಎರಡನೆಯ ಮಹಾಯುದ್ಧವು ಮುಗಿದ ಕಾಲಕ್ಕೆ ಅಮೆರಿಕದಲ್ಲಿ ನೈಡಾರ್ ಎಂಬ ಗುರಿನೋಟವು ಹಕ್ಕಿ ಹೊಡೆಯುವ ಬಂದೂಕುಗಳಿಗಾಗಿ ಮಾರಾಟಕ್ಕೆ ಬಂದಿತು. ಅದು ಆಕಾಶದ ಬೆಳಕನ್ನು ನಂಬಿದ್ದುದರಿಂದ ಮಬ್ಬಿನಲ್ಲಿ ಕೈಕೊಡುತ್ತಿತ್ತು. ಸಿಂಗಲ್ ಪಾಯಿಂಟ್ ಎಂಬ ಇನ್ನೊಂದರಲ್ಲಿ ಒಂದು ಕಣ್ಣಿಗೆ ಕಪ್ಪು ಹಿನ್ನೆಲೆಯ ಮೇಲೆ ಚುಕ್ಕಿ ಮಾತ್ರ ಕಾಣುವುದು, ಇನ್ನೊಂದು ಕಣ್ಣಿಗೆ ಗುರಿ ಕಾಣುವುದು. ಎರಡನ್ನು ಬೆಸೆಯುವ ಕೆಲಸ ಮಿದುಳಿನದು. 1970ರ ನವೆಂಬರಿನಲ್ಲಿ ವಿಯೆಟ್ನಾಮಿನ ಸೋನ್ ತೇ ಎಂಬಲ್ಲಿ ಸೆರೆಯಾಳುಗಳನ್ನು ಬಿಡಿಸಲು ಹೋದ ಅಮೆರಿಕದ ಪಡೆಯು ಇದನ್ನು ಬಳಸಿತು.

ಕೊರತೆಯನ್ನು ತುಂಬಿದ ವಸ್ತುವು ಗುರಿನೋಟಕ್ಕೆ ಏನೂ ಸಂಬಂಧವಿಲ್ಲದ ಕಡೆಯಿಂದ ಬಂದಿತು. 1962ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದ ನಿಕ್ ಹಾಲೊನ್ಯಾಕ್ ಎಂಬ ವಿಜ್ಞಾನಿಯು ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಸೂಸುವ ಡಯೋಡನ್ನು, ನಾವು ಈಗ ಎಲ್.ಇ.ಡಿ. ಎನ್ನುವುದನ್ನು, ತೋರಿಸಿದನು. ಸಾಸಿವೆಗಿಂತ ಕಿರಿದಾದ ಈ ದೀಪಕ್ಕೆ ಅತ್ಯಲ್ಪ ವಿದ್ಯುತ್ತು ಸಾಕು. ಒಡೆಯುವ ತಂತಿಯಿಲ್ಲ, ಬುರುಡೆಯಿಲ್ಲ. ಅದರ ಬೆಳಕು ಒಂದೇ ಬಣ್ಣದ್ದಾದುದರಿಂದ, ಆ ಬಣ್ಣವನ್ನು ಮಾತ್ರ ಪ್ರತಿಫಲಿಸಿ ಉಳಿದುದನ್ನೆಲ್ಲ ಹಾಯಗೊಡುವ ಲೇಪವನ್ನು ಗಾಜಿಗೆ ಬಳಿಯಬಹುದು. ಆಗ ಚುಕ್ಕಿಯೂ ಉಜ್ಜ್ವಲ, ಗುರಿಯೂ ನಿರ್ಮಲ. 1975ರಲ್ಲಿ ಸ್ವೀಡನ್ನಿನವರು ಮಾಡಿದುದು ಈ ದೀಪವನ್ನು ಗ್ರಬ್ಬನ ದರ್ಪಣದ ಸಂಗಮಬಿಂದುವಿನಲ್ಲಿ ಕೂರಿಸಿದುದು. ಅದು ಸಣ್ಣ ಕೆಲಸವೆಂದು ನಾವು ಹೇಳುವುದಿಲ್ಲ. ಆದರೆ ಅದು ಪೂರಣವೇ ಹೊರತು ಮೂಲವಲ್ಲ. ‘ಕೆಂಪು’ ಎಂಬ ವಿಶೇಷಣವೂ ಈ ದೀಪದಿಂದ ಬಂದ ಆಗಂತುಕ ಗುಣವೇ. ಮೊದಲು ಕೈಗೆ ಸಿಕ್ಕ ಎಲ್.ಇ.ಡಿ. ಕೆಂಪಾಗಿದ್ದುದರಿಂದ ಹೆಸರು ಹಾಗೆ ನಿಂತಿತು. ಹಸಿರು ಚುಕ್ಕಿಯವೂ ಈಗ ಉಂಟು.

6

ಎರಡು ಧಾರೆಗಳು ಕೂಡಿದ ಸಂಧಿಸ್ಥಾನವನ್ನು ಇನ್ನು ನೋಡಬಹುದು. ಕೈಬಂದೂಕಿನ ಸ್ಪರ್ಧೆಗಳಲ್ಲಿ 1980ರ ದಶಕದಲ್ಲಿ ಕೆಂಪು ಚುಕ್ಕಿಯು ಕಾಲಿಟ್ಟಿತು. 1990ರಲ್ಲಿ ಆಸ್ಟ್ರೇಲಿಯದ ಅಡಿಲೇಡಿನಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಅಮೆರಿಕದ ಡಗ್ ಕೋನಿಗ್ ಎಂಬ ಗುರಿಗಾರನು ಕೆಂಪು ಚುಕ್ಕಿಯ ಪಿಸ್ತೂಲಿನಿಂದ ಗೆದ್ದ ಬಳಿಕ ಅದರ ಯೋಗ್ಯತೆಯನ್ನು ಕುರಿತ ಸಂದೇಹವು ಬಹುಮಟ್ಟಿಗೆ ಅಡಗಿತು. 1997ರಲ್ಲಿ ಅಮೆರಿಕದ ಸೈನ್ಯವು ತನ್ನ ರೈಫಲುಗಳಿಗಾಗಿ ಇದನ್ನು ಅಂಗೀಕರಿಸಿತು.

ಇಲ್ಲಿ ಪಿಸ್ತೂಲಿಗೂ ರಿವಾಲ್ವರಿಗೂ ಇರುವ ಭೇದವು ಮುಖ್ಯವಾದುದು. ಸ್ವಯಂಚಾಲಿತ ಪಿಸ್ತೂಲಿನಲ್ಲಿ ಮೇಲಿನ ಜಾರುಭಾಗವು ಪ್ರತಿ ಗುಂಡಿಗೂ ಹಿಂದಕ್ಕೂ ಮುಂದಕ್ಕೂ ರಭಸದಿಂದ ಓಡುವುದು. ಅದರ ಮೇಲೆ ಗಾಜನ್ನಿಟ್ಟರೆ ಗಾಜೂ ಓಡಬೇಕು, ದೀಪವೂ ಓಡಬೇಕು. ಪ್ರತಿ ಓಟದ ಎರಡು ಕೊನೆಗಳಲ್ಲಿಯೂ ಪೆಟ್ಟು ತಿನ್ನಬೇಕು. ಆದಕಾರಣ 1990ರ ಸ್ಪರ್ಧಾಳುಗಳು ಚೌಕಟ್ಟಿನ ಪಕ್ಕದಿಂದ ಒಂದು ತೋಳನ್ನು ಎಬ್ಬಿಸಿ, ಜಾರುಭಾಗಕ್ಕೆ ತಾಗದಂತೆ ಅದರ ಮೇಲೆ ಗುರಿನೋಟವನ್ನು ತೂಗಿದರು. ಎಂದರೆ, ರಿವಾಲ್ವರಿಗೆ ಸಹಜವಾಗಿದ್ದ ಅಚಲವಾದ ಮೇಲುಪಟ್ಟಿಯನ್ನು ಪಿಸ್ತೂಲಿಗೆ ಕೃತಕವಾಗಿ ಕಟ್ಟಿಕೊಟ್ಟರು. ಓಡುವ ಭಾಗದ ಮೇಲೆಯೇ ತಾಳಿ ನಿಲ್ಲಬಲ್ಲ ಪುಟ್ಟ ಗುರಿನೋಟಗಳು ಬಂದುದು ಅನಂತರ. ಆಸ್ಟ್ರಿಯದ ಗ್ಲಾಕ್ ಸಂಸ್ಥೆಯು ಅದಕ್ಕೆ ತಕ್ಕಂತೆ ಕೊರೆದ ಪಿಸ್ತೂಲುಗಳನ್ನು ಹೊರತಂದುದು 2015ರಲ್ಲಿ. ಹಳೆಯದೆಂದು ಹಾಸ್ಯಕ್ಕೆ ಗುರಿಯಾದ ರಿವಾಲ್ವರು ಈ ವಿಷಯದಲ್ಲಿ ಹೊಸ ಪಿಸ್ತೂಲಿಗಿಂತ ಹೆಚ್ಚು ಸಿದ್ಧವಾಗಿತ್ತೆಂಬುದು ಇದರಿಂದ ವ್ಯಕ್ತವಾಗುವುದು.

ಕೂರಿಸುವ ಕ್ರಮವು ಈ ಮಾತಿಗೆ ಸಾಕ್ಷಿ. ಬೇಟೆಗಾರರು ರಿವಾಲ್ವರಿನ ಮೇಲೆ ದುರ್ಬೀನನ್ನು ಜೋಡಿಸುವ ರೂಢಿಯು ಚುಕ್ಕಿಗಿಂತ ಮೊದಲೇ ಹುಟ್ಟಿತ್ತು. ಅದಕ್ಕಾಗಿ ಸ್ಮಿತ್ ಅಂಡ್ ವೆಸನ್ ಸಂಸ್ಥೆಯವರು ಅನೇಕ ಮಾದರಿಗಳ ಮೇಲುಪಟ್ಟಿಯಲ್ಲಿ, ಹಿಂದಿನ ಸೀಳಿನ ತಗಡಿನ ಅಡಿಗೆ, ತಿರುಪಿನ ರಂಧ್ರಗಳನ್ನು ಕೊರೆದಿಡುವರು. ರೂಗರ್ ಸಂಸ್ಥೆಯು 1987ರ ತನ್ನ ಸೂಪರ್ ರೆಡ್‌ಹಾಕ್ ಮಾದರಿಯಲ್ಲಿ ದುರ್ಬೀನಿನ ಬಳೆಗಳಿಗೆ ತಾಣಗಳನ್ನು ಚೌಕಟ್ಟಿನಲ್ಲಿಯೇ ಕಡೆದಿಟ್ಟಿತು. ಆಯುಧವು ಬರಿದಾಗಿದೆಯೆಂದು ಖಚಿತಪಡಿಸಿಕೊಂಡು, ಹಿಂದಿನ ಸೀಳಿನ ತಗಡನ್ನು ಬಿಚ್ಚಿ, ಎಣ್ಣೆಯನ್ನು ಒರಸಿ, ಆ ರಂಧ್ರಗಳ ಮೇಲೆ ಪೀಠದ ಪಟ್ಟಿಯನ್ನು ತಿರುಪುಗಳಿಂದ ಬಿಗಿದು, ಅದರ ಮೇಲೆ ಗುರಿನೋಟವನ್ನು ಕೂರಿಸುವುದು ಸಾಮಾನ್ಯ ಕ್ರಮ. ಪ್ರತಿ ಗುಂಡಿಗೂ ಆಯುಧ ಹಿಂದಕ್ಕೆ ಜಿಗಿಯುವಾಗ ಗುರಿನೋಟವು ತನ್ನ ಜಡತ್ವದಿಂದ ಹಿಂದುಳಿಯಲು ಹವಣಿಸುವುದು; ಆ ಎಳೆತವೆಲ್ಲ ಎರಡು ಮೂರು ಸಣ್ಣ ತಿರುಪುಗಳ ಮೇಲೆ ಬೀಳುವುದು. ಆದುದರಿಂದ ತಿರುಪು ಸಡಿಲವಾಗದಂತೆ ಅಂಟು ಹಚ್ಚುವರು. ಪೀಠಕ್ಕೆ ಅಡ್ಡಗಟ್ಟೆಯನ್ನಿಟ್ಟು ಭಾರವನ್ನು ಹಂಚುವುದೂ ಉಂಟು.

ರಿವಾಲ್ವರಿಗೇ ವಿಶಿಷ್ಟವಾದ ಎರಡು ತೊಡಕುಗಳಿವೆ. ಉರುಳೆಗೂ ನಳಿಗೆಗೂ ನಡುವೆ ಕಾಗದದ ಒಂದೆರಡು ಹಾಳೆಯಷ್ಟು ಸಂದು ಇದ್ದೇ ಇರುವುದು; ಅಲ್ಲಿಂದ ಬೆಂಕಿಯೂ ಮಸಿಯೂ ಸೀಸದ ಕಣಗಳೂ ಚಿಮ್ಮುವುವು. ಗುರಿನೋಟವನ್ನು ತೀರ ಮುಂದಕ್ಕೆ ಸರಿಸಿದರೆ ಅದರ ಗಾಜು ಬೇಗ ಮಸಕಾಗುವುದು; ಹಿಂದಕ್ಕೆ ಸರಿಸಿದರೆ ಸುತ್ತಿಗೆಯನ್ನು ಎಳೆಯುವ ಹೆಬ್ಬೆರಳಿಗೆ ಅಡ್ಡವಾದೀತು. ಎರಡನೆಯದಾಗಿ, ಗುಂಡು ನಳಿಗೆಯನ್ನು ಬಿಡುವಷ್ಟರಲ್ಲಿಯೇ ರಿವಾಲ್ವರಿನ ಮೂತಿ ಮೇಲಕ್ಕೇಳಲು ತೊಡಗಿರುತ್ತದೆ. ಭಾರವಾದ ನಿಧಾನದ ಗುಂಡಾದರೆ ಹೆಚ್ಚು ಮೇಲಕ್ಕೂ, ಹಗುರವಾದ ವೇಗದ ಗುಂಡಾದರೆ ಕಡಮೆಯಾಗಿಯೂ ತಾಗುವುದು. ಆದುದರಿಂದ ಚುಕ್ಕಿಯನ್ನು ಕೇವಲ ಗೆರೆಯ ಲೆಕ್ಕದಿಂದ ಹೊಂದಿಸಲಾಗದು. ಬಳಸುವ ತೋಟಾದಿಂದಲೇ, ನಿಶ್ಚಿತ ದೂರದಲ್ಲಿ ಹಾರಿಸಿ ನೋಡಿ, ಗುರಿನೋಟದ ತಿರುಪುಗಳನ್ನು ತಿರುಗಿಸಿ ಹೊಂದಿಸಬೇಕು.

ಲಾಭವನ್ನೂ ಅತಿಶಯೋಕ್ತಿಯಿಲ್ಲದೆ ಹೇಳಬೇಕು. ಚುಕ್ಕಿಯು ಕೈಯನ್ನು ಸ್ಥಿರಗೊಳಿಸುವುದಿಲ್ಲ. ನಡುಕವನ್ನು ಮರೆಮಾಚದೆ ಕುಣಿದು ತೋರಿಸುವುದು. ಅದು ತೆಗೆದುಹಾಕುವುದು ಸೀಳು ಮೊನೆಗಳನ್ನು ಹೊಂದಿಸುವಲ್ಲಿ ಆಗುವ ದೋಷವನ್ನು ಮಾತ್ರ. ಆದರೆ 8 ಅಂಗುಲದ ಗೆರೆಯಲ್ಲಿ ಆ ದೋಷದ ಫಲವೆಷ್ಟೆಂದು ಹಿಂದೆ ಲೆಕ್ಕ ಮಾಡಿದ್ದೇವೆ. ಉಪಕಾರವು ಉದ್ದದ ರೈಫಲಿಗಿಂತ ಮೋಟಾದ ರಿವಾಲ್ವರಿಗೆ, ಎಳೆಯ ಕಣ್ಣಿಗಿಂತ ಚಾಳೀಸಿನ ಕಣ್ಣಿಗೆ ಅಧಿಕವೆಂಬುದು ಅದರಿಂದಲೇ ಸಿದ್ಧಿಸುವುದು.

7

ನಮ್ಮ ಪಕ್ಷಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಕಾಗದದ ಮೇಲೆ ಉಳಿದ ಯೋಜನೆಗೆ ಮೂಲದ ಗೌರವ ಸಲ್ಲುವುದೇ ಎಂಬುದು. ಗ್ರಬ್ಬನ ತತ್ತ್ವವು ಕಾಗದದ ಮೇಲೆಯೇ ಉಳಿದಿದ್ದರೆ ಈ ಆಕ್ಷೇಪಕ್ಕೆ ಬಲವಿರುತ್ತಿತ್ತು. ಆದರೆ ಆ ತತ್ತ್ವವು 1918ರ ವಿಮಾನಗಳಿಗೂ, 1940ರ ವಿಮಾನಗಳಿಗೂ, ಯುದ್ಧಾನಂತರದ ಬೇಟೆಯ ಬಂದೂಕುಗಳಿಗೂ ಹರಿದು ಬಂದಿದೆ. ಪ್ರವಾಹವು ತುಂಡಾಗಿಲ್ಲ, ದೀಪ ಮಾತ್ರ ಬದಲಾಗಿದೆ.

ಎರಡನೆಯ ಆಕ್ಷೇಪವು ಇದಕ್ಕೆ ವಿರುದ್ಧವಾದುದು. 1975ನ್ನು ಬಿಟ್ಟು 1900ಕ್ಕೆ ಹೋಗಬಹುದಾದರೆ ಇನ್ನೂ ಹಿಂದಕ್ಕೆ ಏಕೆ ಹೋಗಬಾರದು? ಜನಪ್ರಿಯವಾದ ಕಥನದಲ್ಲಿ ಅರ್ಜುನನು ನೀರಿನಲ್ಲಿ ಬಿಂಬವನ್ನು ನೋಡುತ್ತ ಮೇಲಿನ ಮತ್ಸ್ಯಯಂತ್ರವನ್ನು ಹೊಡೆದನಲ್ಲವೆ, ಅದೂ ಪ್ರತಿಫಲನವಲ್ಲವೆ, ಎಂದು ಅಭಿಮಾನಿಗಳು ಕೇಳಬಹುದು. ಅಲ್ಲಿ ಪ್ರತಿಫಲಿಸಿದುದು ಗುರಿ. ಇಲ್ಲಿ ಪ್ರತಿಫಲಿಸುವುದು ಗುರುತು. ಅಲ್ಲಿ ಪ್ರತಿಫಲನವು ಬಿಲ್ಲುಗಾರನ ಕಷ್ಟವನ್ನು ಹೆಚ್ಚಿಸಲು ಒಡ್ಡಿದ ಪಣ. ಇಲ್ಲಿ ಕಷ್ಟವನ್ನು ನೀಗಲು ಹೂಡಿದ ಉಪಾಯ. ಸಂಗಮಬಿಂದುವಿನಲ್ಲಿಟ್ಟ ಗುರುತು ಅನಂತದೂರದಲ್ಲಿ ತೋರುವುದೆಂಬುದೇ ಈ ಗುರಿನೋಟದ ಜೀವ. ಅದಿಲ್ಲದ ಪ್ರತಿಫಲನವೆಲ್ಲ ಬರಿಯ ಕನ್ನಡಿ. ಹೋಲಿಕೆಯ ಸೊಗಸನ್ನು ಸವಿಯುವುದು ಬೇರೆ, ಅದನ್ನು ಪ್ರಮಾಣವಾಗಿ ಹಿಡಿಯುವುದು ಬೇರೆ.

ಒಟ್ಟಿನಲ್ಲಿ, ಈ ಪುಟ್ಟ ಉಪಕರಣಕ್ಕೆ ಒಂದೇ ಜನ್ಮವರ್ಷವನ್ನು ಹೇಳುವುದು ನ್ಯಾಯವಲ್ಲ. ಅದರ ಪೀಠವು 1851ರ ಚೌಕಟ್ಟಿನ ಸಂತತಿ; ಅದರ ತತ್ತ್ವವು 1900ರದು; ಅದರ ದೀಪವು 1962ರದು; ಇವನ್ನು ಕೊಳ್ಳುವವನ ಕೈಗೆ ತಲಪಿಸಿದ ಕೀರ್ತಿಯು 1975ಕ್ಕೆ ಸಲ್ಲತಕ್ಕದ್ದು. ಇವುಗಳಲ್ಲಿ ತತ್ತ್ವವನ್ನು ಕಂಡವನಿಗೆ ಮೂಲಪುರುಷನ ಸ್ಥಾನವನ್ನು ಕೊಡುವುದು ಇತಿಹಾಸಕಾರನ ಧರ್ಮವಾದರೆ, ಆ ಸ್ಥಾನವು ಡಬ್ಲಿನ್ನಿನ ದೂರದರ್ಶಕದ ಶಿಲ್ಪಿಗೆ ಸಲ್ಲಬೇಕು. ಈಗಿನ ಹವ್ಯಾಸಿ ಖಗೋಳವೀಕ್ಷಕರು ತಮ್ಮ ದೂರದರ್ಶಕದ ಬೆನ್ನಿಗೆ ಇಂಥದೇ ಕೆಂಪು ಚುಕ್ಕಿಯನ್ನು ಕಟ್ಟಿಕೊಂಡು ನಕ್ಷತ್ರಕ್ಕೆ ಗುರಿಯಿಡುವರು. ದೂರದರ್ಶಕದ ಮನೆಯಿಂದ ಹೊರಟ ಉಪಾಯವು ವಿಮಾನ, ಬಂದೂಕು, ರಿವಾಲ್ವರುಗಳನ್ನು ಸುತ್ತಿ ಮತ್ತೆ ಆ ಮನೆಯನ್ನೇ ಸೇರಿತೆಂಬುದು ಈ ನಿರ್ಣಯಕ್ಕೆ ಮತ್ತೊಂದು ಪೋಷಕವಾದ ಸಂಗತಿಯಾಗಿದೆ.